ಫಾಲೋವರ್ ಹುಡುಕಿಕೊಂಡು ಹೊರಟ ಮಾಮ

ನಮ್ಮ ಸೋದರಮಾವನ ಖಾತೆಯನ್ನು ಫಾಲೋ ಮಾಡುವುದು ಸುಲಭ. ಬಿಡುವುದು ಮಾತ್ರ ಯಾರಪ್ಪನಿಂದಲೂ ಆಗದ ಕೆಲಸ! ನಂಬಿಕೆ ಇಲ್ಲದಿದ್ದರೆ ಒಮ್ಮೆ ಅನ್‌ಫಾಲೋ ಮಾಡಿ ನೋಡಿ. ಒಂದೆರಡು ದಿನದಲ್ಲಿ ಮಾಮ ರಾಯಚೂರಿನಿಂದ ಬಸ್ಸು ಹಿಡಿದು, ಜಿಲೇಬಿ ಪೊಟ್ಟಣದ ಸಮೇತ ನಿಮ್ಮ ಬಾಗಿಲಲ್ಲಿ ನಿಂತಿರುತ್ತಾನೆ. "ಯಾಕ್ರೀ, ನಡುದಾರ್ಯಾಗ ಇಳದುಬಿಟ್ರಿ? ನನ್ನಿಂದ ಏನರ ತಪ್ಪಾತೇನು?" ಎಂದು ಕೇಳುತ್ತಾನೆ. ನೀವು ಚಹಾ ಮಾಡಿಸಬೇಕು, ಜಿಲೇಬಿ ತಿನ್ನಬೇಕು, ಅವನ ಎದುರಿಗೇ ಮತ್ತೆ ಫಾಲೋ ಒತ್ತಬೇಕು. ಬೇರೆ ದಾರಿಯಿಲ್ಲ.

ಇದಕ್ಕೆ ಕಾರಣ ಅವನ ಹಳೆಯ ನೌಕರಿ. ಮಾಮ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ರಾಯಚೂರಿನಿಂದ ದೇವದುರ್ಗ, ಜಾಲಹಳ್ಳಿ, ಇಲ್ಲವೆ ಮಾನ್ವಿ, ಪೋತ್ನಾಳ. ಇಷ್ಟೇ ಅವನ ಜಗತ್ತು. ತಲೆ ಎಣಿಸದೆ ಎಂದೂ ಸೀಟಿ ಊದಿದವನಲ್ಲ. ಒಮ್ಮೆ ಚಹಾಕ್ಕೆಂದು ಇಳಿದ ಮುದುಕನೊಬ್ಬ ಬರಲಿಲ್ಲವೆಂದು ಬಸ್ಸು ನಿಲ್ಲಿಸಿ, ಹೋಟೆಲು, ಹಿತ್ತಲು, ಗುಡಿಯ ಕಟ್ಟೆ ಎಲ್ಲ ಹುಡುಕಿಸಿದ್ದ. ಮುದುಕ ಬೇರೆ ಬಸ್ಸು ಹತ್ತಿ, ಮನೆ ಸೇರಿ, ಉಂಡು ಮಲಗಿದ್ದ! ನಿವೃತ್ತನಾದ ಮೇಲೆ ಎಣಿಸಲು ತಲೆಗಳೇ ಇಲ್ಲವಾದವು. ಆಗ ಮಾಮ "ನಮ್ಮ ರೂಟು" ಎಂದು ಒಂದು ಖಾತೆ ತೆರೆದ. ದಿನಾ ಬಸ್ಸು ಹತ್ತಿ ಹೋಗುವುದು, ವಿಡಿಯೋ ಮಾಡುವುದು, ಹಾಕುವುದು. ಬರುವ ಫಾಲೋವರುಗಳೇ ಅವನ ಹೊಸ ಪ್ಯಾಸೆಂಜರುಗಳು.

ಸುಮ್ಮನೆ ವಿಡಿಯೋ ಹಾಕಿಕೊಂಡಿದ್ದರೆ ನಾನು ಈ ಪ್ರಬಂಧ ಬರೆಯುತ್ತಲೂ ಇರಲಿಲ್ಲ. ಯಾರೋ ಅವನ ಕಿವಿಯಲ್ಲಿ "ಟೂಲ್ಸ್" ಎಂಬ ಮಾತು ಊದಿದರು. "ಟೂಲ್ಸ್ ಬೇಕಲೇ ಅಳಿಯಾ, ಟೂಲ್ಸ್! ಟೂಲ್ಸ್ ಇಲ್ಲದಾಂವ ಮೀಡಿಯಾದಾಗ ಬೆಳಿಯಂಗಿಲ್ಲ" ಎಂದು ನನಗೇ ಪಾಠ ಶುರುವಾಯಿತು. ಮೊದಲು ಬಂದದ್ದು ಬಳೆಯಾಕಾರದ ಒಂದು ದೊಡ್ಡ ದೀಪ. ರಾಯಚೂರಿನಲ್ಲಿ ಬೆಳಕಿಗೆ ಬರವೇ? ಅತ್ತೆ ಕೇಳಿಯೇಬಿಟ್ಟಳು: "ಹೊರಗ ಒಬ್ಬ ಸೂರ್ಯ ಉರಿಯಾಕತ್ತಾನ, ಸಾಲಂಗಿಲ್ಲಂತ ಒಳಗೊಬ್ಬಾಂವನ್ನ ತಂದ್ರೇನು?" ಆ ದೀಪದ ಬೆಳಕಿನಲ್ಲಿ ಅವಳು ಈಗ ಅಕ್ಕಿ ಆರಿಸುತ್ತಾಳೆ. ಕಲ್ಲುಗಳು ಚೆನ್ನಾಗಿ ಕಾಣುತ್ತವಂತೆ.

ಎರಡನೆಯದು ಮುಖ ತಿದ್ದುವ ಆ್ಯಪ್. ಅದು ಮಾಮನ ಸುಕ್ಕು ಅಳಿಸಿತು, ನರೆ ಅಳಿಸಿತು, ಅದೇ ಭರದಲ್ಲಿ ಅರ್ಧ ಮೀಸೆಯನ್ನೂ ನುಂಗಿತು. ದೇವದುರ್ಗದ ಕಡೆಯ ದೂರದ ಸಂಬಂಧಿಯೊಬ್ಬಳು ಅತ್ತೆಗೆ ಫೋನು ಮಾಡಿದಳು. "ನಿಮ್ಮ ಯಜಮಾನ್ರ ವಿಡಿಯೋದಾಗ ಒಬ್ಬ ಹುಡುಗ ಬರ್ತಾನಲ್ರೀ, ಬಣ್ಣ ಚಲೋ ಅದ. ಲಗ್ನ ಆಗ್ಯದೇನು?"

"ಆಗ್ಯದ್ರೀ, ನನ್ನ ಕೂಡನ ಆಗ್ಯದ" ಎಂದಳು ಅತ್ತೆ. "ಬೇಕಾದ್ರ ಕರ್ಕೊಂಡು ಹೋಗ್ರಿ!"

ಮೂರನೆಯದು ಪೋಸ್ಟುಗಳನ್ನು ಮುಂಚಿತವಾಗಿ ತುಂಬಿಟ್ಟರೆ ಹೊತ್ತಿಗೆ ಸರಿಯಾಗಿ ತಾನೇ ಹಾಕುವ ಆ್ಯಪ್. ಭಾನುವಾರ ಕೂತು ಇಡೀ ವಾರದ್ದನ್ನು ಮಾಮ ತುಂಬಿಟ್ಟ. ಬಸ್ಸಿನ ಟೈಮ್‌ಟೇಬಲ್ಲಿನಂತೆ ಲೋಕವೂ ನಡೆಯುತ್ತದೆಂದು ಅವನ ನಂಬಿಕೆ. ಬುಧವಾರ ಬೆಳಿಗ್ಗೆ "ಜಾಲಹಳ್ಳಿ ಕಡೆ ಬೆಂಕಿ ಬಿಸಿಲು! ಎಲ್ಲರೂ ನೀರು ಕುಡಿಯಿರಿ" ಎಂದು ಪೋಸ್ಟು ಹೋಯಿತು. ಅವತ್ತು ಅಲ್ಲಿ ಮುಗಿಲೇ ಹರಿದು ಬಿದ್ದಿತ್ತು. ಮೊಳಕಾಲುದ್ದ ನೀರಿನಲ್ಲಿ ನಿಂತ ಒಬ್ಬ ಪುಣ್ಯಾತ್ಮ ಫೋಟೋ ಕಳಿಸಿ ಕೇಳಿದ್ದ: "ಇಷ್ಟು ಕುಡುದ್ರ ಸಾಕೇನ್ರೀ?"

ನಾಲ್ಕನೆಯದರ ಕಥೆ ಹೇಳಲು ನನಗೆ ಸಂಕೋಚ. ಯಾರು ಏನು ಬರೆದರೂ ತಾನೇ ಉತ್ತರ ಕೊಡುವ ಟೂಲು ಅದು. ಮಾನ್ವಿಯಿಂದ ಮಾಮನ ದೊಡ್ಡಪ್ಪನ ಮಗ "ನಮ್ಮಪ್ಪ ತೀರಿಕೊಂಡ" ಎಂದು ಸಂದೇಶ ಕಳಿಸಿದ. ಕ್ಷಣ ತಡವಿಲ್ಲ, ಮಾಮನ ಖಾತೆಯಿಂದ ಉತ್ತರ: "ತುಂಬಾ ಖುಷಿಯಾಯಿತು! ಇದನ್ನು ನಿಮ್ಮ ಗೆಳೆಯರೊಂದಿಗೂ ಹಂಚಿಕೊಳ್ಳಿ!" ಮಾಮ ಮುಖ ಮುಚ್ಚಿಕೊಂಡು ಮಣ್ಣಿಗೆ ಹೋದ. ಅಂಗಳದ ತುಂಬ ಜನ. ಬೈಗುಳಕ್ಕೆ ಸಿದ್ಧನಾಗಿ ನಿಂತವನ ಕೈ ಹಿಡಿದು ಆ ಅಣ್ಣ ಹೇಳಿದ: "ನೀ ಹೇಳಿದಂಗ ಎಲ್ಲಾರಿಗೂ ಹಂಚೀನಪ. ನೋಡು, ಎಷ್ಟು ಮಂದಿ ಬಂದಾರ!"

ಇಷ್ಟಾದರೂ ಬುದ್ಧಿ ಬಂತೇ? ಬಂದದ್ದು ಐದನೆಯ ಟೂಲು. ಫಾಲೋವರುಗಳಲ್ಲಿ ಯಾರು ಬಿಟ್ಟು ಹೋದರೆಂದು ಹೆಸರು ಸಮೇತ ಚಾಡಿ ಹೇಳುವ ಆ್ಯಪ್ ಅದು. ಬೇರೆಯವರಾದರೆ ಹೆಸರು ನೋಡಿ, ಎರಡು ಬೈದು ಸುಮ್ಮನಾಗುತ್ತಿದ್ದರು. ಮಾಮ ಕಂಡಕ್ಟರ್ ಅಲ್ಲವೇ? ಒಂದು ತಲೆ ಕಡಿಮೆಯಾದರೆ ಸೀಟಿ ಊದುವುದು ಹೇಗೆ? ಹೊರಟ!

ದೇವದುರ್ಗದಲ್ಲಿ ಮೇಷ್ಟ್ರೊಬ್ಬರು ಅವನ ದನಿ ಕೇಳಿದ್ದೇ ಹಿತ್ತಲ ಬಾಗಿಲಿಂದ ಓಡಿದರು. ಅಷ್ಟರಲ್ಲಿ ಮಾಮ ಸುತ್ತಿ ಬಂದು ಹಿತ್ತಲಲ್ಲೇ ನಿಂತಿದ್ದ. ಜಾಲಹಳ್ಳಿಯ ಕಿರಾಣಿ ಸಾಹುಕಾರ "ಬೆರಳು ಜಾರಿ ಒತ್ತಿಬಿಟ್ಟೀನ್ರೀ" ಎಂದು ಆಣೆ ಮಾಡಿದ. ಕಲ್ಮಲದ ಒಬ್ಬ ಅಜ್ಜಿಯಂತೂ ತಿಂಗಳಿಗೊಮ್ಮೆ ತಪ್ಪದೆ ಅನ್‌ಫಾಲೋ ಮಾಡತೊಡಗಿದಳು. "ಯವ್ವಾ, ಮತ್ತ್ಯಾಕ ಇಳದಿ?" ಎಂದರೆ, "ಜಿಲೇಬಿ ಅದಾವೇನಪ?" ಎನ್ನುತ್ತಾಳೆ. "ಬಿಟ್ಟರೆ ಮನೆಗೇ ಬರುತ್ತಾನೆ" ಎಂಬ ಸುದ್ದಿ ಊರೂರಿಗೆ ಹಬ್ಬಿ, ಹೆದರಿಕೆಯಿಂದ ಯಾರೂ ಬಿಡದಂತಾಯಿತು. ಬೇರೆ ಯಾವ ಟೂಲಿನಿಂದಲೂ ಬೆಳೆಯದ ಖಾತೆ ಈ ಜಿಲೇಬಿಯಿಂದ ಬೆಳೆಯಿತು ನೋಡಿ!

ಆದರೆ ಒಬ್ಬನ ಮನೆಗೆ ಮಾತ್ರ ಮಾಮ ಹೋಗಿರಲಿಲ್ಲ. ಪೋತ್ನಾಳದಲ್ಲಿರುವ ಡ್ರೈವರ್. ಇಬ್ಬರೂ ಒಂದೇ ಬಸ್ಸಿನಲ್ಲಿ ಒಂದು ಆಯುಷ್ಯ ಕಳೆದವರು, ಒಂದೇ ಡಬ್ಬಿಯಲ್ಲಿ ಉಂಡವರು. "ನಮ್ಮ ರೂಟು" ಖಾತೆಯ ಮೊದಲ ಫಾಲೋವರ್ ಅವನೇ. ಆ ಹೆಸರು ಬಿಟ್ಟು ಹೋದವರ ಪಟ್ಟಿಯಲ್ಲಿ ಬಂದ ದಿನ ಮಾಮ ಊಟ ಮಾಡಲಿಲ್ಲ. ಹೋಗಿ ಕೇಳು ಎಂದರೆ ಕೆಂಡವಾಗುತ್ತಿದ್ದ. "ಊರ ಮಂದಿ ಇಳೀಲಿ, ಸ್ಟೇರಿಂಗ್ ಹಿಡದಾಂವನ ಇಳದ್ರ ಏನಂತ ಕೇಳಬೇಕಲೇ? ನಾ ಹೋಗಂಗಿಲ್ಲ." ಆದರೆ ದಿನವೂ ಫಾಲೋವರುಗಳ ಪಟ್ಟಿಯಲ್ಲಿ ಮೊದಲು ಹುಡುಕುತ್ತಿದ್ದದ್ದು ಆ ಹೆಸರನ್ನೇ. ಅವನ ಸಂಕಟ ನೋಡಲಾರದೆ ಕೊನೆಗೊಂದು ದಿನ ನಾನೇ ಅವನನ್ನು ಎಳೆದುಕೊಂಡು ಬಸ್ಸು ಹತ್ತಿದೆ. ಈ ಸಲ ಮಾಮ ಜಿಲೇಬಿ ತೆಗೆದುಕೊಳ್ಳಲಿಲ್ಲ. "ಅವಂಗ್ಯಾಕ ಜಿಲೇಬಿ!" ಎಂದ. ದಾರಿಯುದ್ದಕ್ಕೂ ಬೈಯಬೇಕಾದ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದ.

ಡ್ರೈವರ್ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ನಾವು ಎದುರಿಗೇ ಹೋಗಿ ನಿಂತರೂ ಮಾತಾಡಿಸಲಿಲ್ಲ. ಮಾಮನಿಗೆ ಸಿಟ್ಟು ನೆತ್ತಿಗೇರಿತು. "ಏನಲೇ, ಮಕಾ ನೋಡಿದ್ರೂ ಮಾತಾಡ್ಸಂಗಿಲ್ಲೇನು?"

ಡ್ರೈವರ್ ದನಿ ಬಂದ ಕಡೆ ತಿರುಗಿದ. ಕೈ ಗಾಳಿಯಲ್ಲಿ ಹುಡುಕಿ, ಮಾಮನ ಅಂಗಿಯ ತುದಿ ಹಿಡಿಯಿತು. "ಬಂದ್ಯಾ? ಕುಂದರು. ಶುಗರ್ ಕಣ್ಣಿಗಿ ಬಡದದ ನೋಡಪ. ಏನೂ ಕಾಣಂಗಿಲ್ಲ. ಮೊಬೈಲ್ ಇಟ್ಕೊಂಡು ಏನ್ ಮಾಡ್ಲಿ ಅಂತ ಎಲ್ಲಾ ಬಂದ್ ಮಾಡ್ಸಿ ಸೊಸಿಗಿ ಕೊಟ್ಟೀನಿ."

ಬಾಯಿಪಾಠ ಮಾಡಿದ್ದೆಲ್ಲ ಮಾಮನ ಬಾಯಲ್ಲೇ ಉಳಿಯಿತು. "ನನಗೊಂದು ಮಾತು ಹೇಳಬಾರದೇನೋ?" ಎಂದ, ಅವನ ಪಕ್ಕ ಕೂರುತ್ತ.

"ಹೇಳಿದ್ರ ಬಂದು ಅಳ್ತಿ ಅಂತ ಹೇಳಿಲ್ಲ. ಸೊಸಿ ತನ್ನ ಫೋನಿನಾಗ ನಿನ್ನ ವಿಡಿಯೋ ಹಚ್ಚತಾಳ. ಬರೇ ನೀ ಹಚ್ಚಿದ ಡಂಗುಟಕ ಹಾಡು ಕೇಳ್ತದ, ನೀ ಎಲ್ಲಿ ಅದೀ ಏನೂ ತಿಳಿಯಂಗಿಲ್ಲ." ಹಿಡಿದ ಅಂಗಿ ಬಿಡದೆ ಕೇಳಿದ, "ಕಲ್ಮಲದ ಹಂತ್ಯಾಕ, ತಿರುವಿನಾಗ ಒಂದು ಬೇವಿನ ಗಿಡ ಇತ್ತಲ್ಲ, ಇನ್ನಾ ಅದೇನು?"

ದಿನಾ ಆ ದಾರಿಯಲ್ಲಿ ಕ್ಯಾಮೆರಾ ಹಿಡಿದು ಹೋಗುವ ಮಾಮನಿಗೆ ಆ ಗಿಡ ಇದೆಯೋ ಇಲ್ಲವೋ ಗೊತ್ತಿರಲಿಲ್ಲ! ಅವನ ವಿಡಿಯೋದಲ್ಲಿ ಇರುತ್ತಿದ್ದುದು ಅವನ ಮುಖ ಮಾತ್ರ. ಇಷ್ಟು ದಿನ ಮಾಮನನ್ನು ನೋಡಿ ನಕ್ಕ ನನಗೆ ಅವತ್ತು ನಗು ಬರಲಿಲ್ಲ. ಆ ಹಟಮಾರಿ ಮುಖದ ಮೇಲೆ ಪ್ರೀತಿಯೇ ಉಕ್ಕಿ ಬಂತು.

ಈಗ "ನಮ್ಮ ರೂಟು" ನೋಡಲು ಏನೂ ಚೆನ್ನಾಗಿಲ್ಲ. ಹಾಡಿಲ್ಲ, ತಿದ್ದಿದ ಮುಖವಿಲ್ಲ. ಅಲುಗಾಡುವ ಬಸ್ಸಿನ ಕಿಟಕಿ, ಮತ್ತು ಮಾಮನ ಒಡಕು ದನಿ. "ಬೇವಿನ ಗಿಡ ಅದನೋ, ಒಂದು ಟೊಂಗಿ ಕಡದಾರ. ಬಲಕ್ಕ ಹತ್ತಿ ಹೊಲ, ಬಿಡಸಾಕತ್ತಾರ. ಎದುರಿಗಿ ಲಾರಿ ಬಂತು, ಸೈಡ್ ಕೊಟ್ವಿ. ಈಗ ತೆಗ್ಗು, ಗಟ್ಟ್ಯಾಗಿ ಹಿಡಕೊ." ಇದನ್ನು ಯಾರು ನೋಡುತ್ತಾರೆ? ಜನ ಗುಂಪು ಗುಂಪಾಗಿ ಬಿಟ್ಟು ಹೋಗುತ್ತಿದ್ದಾರೆ. ಚಾಡಿ ಹೇಳುವ ಆ್ಯಪ್ ಹೆಸರು ಉದುರಿಸುತ್ತಲೇ ಇದೆ. ಮಾಮ ಯಾರ ಮನೆಗೂ ಹೋಗಿಲ್ಲ. ತಡೆಯಲಾರದೆ ಮೊನ್ನೆ ಕೇಳಿದೆ:

"ಮಾಮಾ, ಮಂದಿ ಎಲ್ಲಾ ಇಳದು ಹೊಂಟಾರ. ಹಿಂಗ ಬಿಟ್ರ ಹೆಂಗ?"

"ಇಳೀಲಿ ಬಿಡಲೇ ಅಳಿಯಾ" ಎಂದ ಮಾಮ. "ಅವರಿಗೆಲ್ಲಾ ಕಣ್ಣು ಅದಾವ."