ಅನುಮೋದಿತ ಕೈ

ಹಿರಿಯ ಸಹಾಯಕಿಯವರ ಮನೆತನದಲ್ಲಿ ನಾಲ್ಕು ತಲೆಮಾರುಗಳಿಂದ ಯಾರೂ ಯಾವ ವಸ್ತುವನ್ನೂ ತಪ್ಪಾಗಿ ಹಿಡಿದವರಲ್ಲ. ಮುತ್ತಜ್ಜ ದಫ್ತರದಲ್ಲಿ ಕೂತು ಬರೆಯುವಾಗ ಲೇಖನಿ ಹಿಡಿಯುವ ರೀತಿಯನ್ನು ನೋಡಲೆಂದೇ ಪಕ್ಕದ ಕಚೇರಿಯವರು ಊಟದ ಬಿಡುವಿನಲ್ಲಿ ಬಂದು ಕಿಟಕಿಯಾಚೆ ನಿಲ್ಲುತ್ತಿದ್ದರು. ಅಜ್ಜ ಮೂವತ್ತೆಂಟು ವರ್ಷದ ಸೇವೆಯಲ್ಲಿ ಕಾಗದದ ಮೇಲೆ ಒಂದೇ ಒಂದು ಮಸಿಬೊಟ್ಟು ಬೀಳಿಸಿದರು, ಅದೂ ಭೂಕಂಪವಾದ ದಿನ. ತಾಯಿ ಹುಡುಗಿಯರ ಶಾಲೆಯಲ್ಲಿ ಕೈಬರಹ ಕಲಿಸಿದವರು. ಸೋದರತ್ತೆ ಛತ್ರಿ ಹಿಡಿದು ಬೀದಿಯಲ್ಲಿ ನಡೆದರೆ ಎದುರು ಬಂದವರು ತಮ್ಮ ಛತ್ರಿ ಸರಿಪಡಿಸಿಕೊಳ್ಳುತ್ತಿದ್ದರು. ಈ ಮನೆತನದ ಯಾರ ಸೇವಾ ಪುಸ್ತಕದಲ್ಲೂ ಕೆಂಪು ಮಸಿಯ ಒಂದು ಗೆರೆ ಇರಲಿಲ್ಲ. ಇದು ಜಂಬದ ಮಾತಲ್ಲ. ಪುಸ್ತಕಗಳು ಇವೆ, ಬೇಕಾದವರು ನೋಡಬಹುದು.

ಹಿರಿಯ ಸಹಾಯಕಿಯವರು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್‌ಗಳು ಮಕ್ಕಳ ಮುಖ ನೋಡುವ ಮೊದಲು ಬೆರಳು ನೋಡುತ್ತಿದ್ದರು. ಪೆನ್ಸಿಲನ್ನು ಮೊನೆಯಿಂದ ಒಂದೂವರೆ ಇಂಚು ಮೇಲೆ ಹಿಡಿಯಬೇಕು. ಒಂದೂಕಾಲಾದರೆ ಅಳತೆಗೆ ಬಂದ ಸ್ಕೇಲು ಬೇರೆ ಕೆಲಸಕ್ಕೂ ಬರುತ್ತಿತ್ತು. ಈಗ ಅವರು ಜನನ ಮರಣ ದಾಖಲೆ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷದ ಸೇವೆ ಮುಗಿಸಿದ್ದರು. ಸಹೋದ್ಯೋಗಿಗಳು ಎದುರಿಗೆ “ಮೇಡಂ” ಎನ್ನುತ್ತಿದ್ದರು, ಬೆನ್ನ ಹಿಂದೆ “ಸ್ಕೇಲು” ಎನ್ನುತ್ತಿದ್ದರು. ಎರಡೂ ಅವರಿಗೆ ಗೊತ್ತಿತ್ತು, ಎರಡಕ್ಕೂ ಆಕ್ಷೇಪವಿರಲಿಲ್ಲ. ಮೇಲ್ವಿಚಾರಕರು ಆ ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ಜ್ಯೇಷ್ಠತಾ ಪಟ್ಟಿಯ ಪ್ರಕಾರ ಆ ಕೋಣೆ, ಆ ಕುರ್ಚಿ ಹಿರಿಯ ಸಹಾಯಕಿಯವರಿಗೆ ಬರಬೇಕು. ಕುರ್ಚಿಯ ಕುಂಟುಗಾಲಿನ ಕೆಳಗೆ ಎಷ್ಟು ದಪ್ಪದ ರಟ್ಟು ಇಡಬೇಕೆಂಬುದನ್ನು ಅವರು ಆಗಲೇ ಅಳೆದುಕೊಂಡಿದ್ದರು.

ಹೀಗಿರುವಾಗ ಬೇರೊಂದು ಶಾಖೆಯ ನೌಕರನೊಬ್ಬ ಮೌಸ್ ಹಿಡಿದು ಮಣಿಕಟ್ಟು ನೋವೆಂದು ನಲವತ್ತು ದಿನ ರಜೆ ಹಾಕಿ, ಮೈಯೆಲ್ಲ ಬಿಸಿಲಿಗೆ ಕಂದಿಸಿಕೊಂಡು, ಚಪ್ಪಲಿ ತುಂಬ ಸಮುದ್ರದ ಮರಳು ತುಂಬಿಕೊಂಡು ಕೆಲಸಕ್ಕೆ ಹಿಂದಿರುಗಿದ. ಇಲಾಖೆ ಇದನ್ನು ಗಂಭೀರವಾಗಿ ಪರಿಗಣಿಸಿತು. ನೌಕರರ ಕೈಗೆ ಮೌಸ್ ಕೊಟ್ಟು ಹನ್ನೊಂದು ವರ್ಷವಾಗಿದ್ದರೂ ಅದನ್ನು ಹಿಡಿಯುವ ಬಗ್ಗೆ ಯಾವ ನಿಯಮವೂ ಇಲ್ಲವೆಂಬುದು ಆಗ ಬೆಳಕಿಗೆ ಬಂತು. ಅಷ್ಟೂ ಕಾಲ ಎಲ್ಲರೂ ತಂತಮ್ಮ ಇಷ್ಟದಂತೆ ಹಿಡಿದುಕೊಂಡು ಬಂದಿದ್ದರು. ಕೂಡಲೇ ಹಿಡಿತ ಘಟಕ ಸ್ಥಾಪನೆಯಾಯಿತು. ಘಟಕಕ್ಕೆ ಮೊದಲು ಒಂದು ಜೀಪು ಬಂತು, ಆಮೇಲೆ ನಿಯಮಗಳು ಬಂದವು.

“ತೋರುಬೆರಳನ್ನು ಎಡ ಗುಂಡಿಯ ಮೇಲೂ ನಡುಬೆರಳನ್ನು ಬಲ ಗುಂಡಿಯ ಮೇಲೂ ಇಡತಕ್ಕದ್ದು. ಹೆಬ್ಬೆರಳು ಎಡ ಮಗ್ಗುಲಲ್ಲಿಯೂ ಉಳಿದ ಬೆರಳುಗಳು ಬಲ ಮಗ್ಗುಲಲ್ಲಿಯೂ ವಿಶ್ರಮಿಸತಕ್ಕದ್ದು. ಈ ವಿಶ್ರಾಂತಿಯನ್ನು ರಜೆಯೆಂದು ಲೆಕ್ಕಿಸುವಂತಿಲ್ಲ. ಹಿಡಿತವು ಹಕ್ಕಿಮರಿಯನ್ನು ಹಿಡಿದಷ್ಟು ಹಗುರವಾಗಿರತಕ್ಕದ್ದು.”

ಹಿರಿಯ ಸಹಾಯಕಿಯವರ ಎದುರು ಮೇಜಿನಲ್ಲಿ ಒಬ್ಬ ಗುಮಾಸ್ತ ಕೂರುತ್ತಿದ್ದ. ಅವನು ಸುತ್ತೋಲೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದ.

“ಮೇಡಂ, ನಾನು ಜನ್ಮದಲ್ಲಿ ಹಕ್ಕಿಮರಿ ಹಿಡಿದವನಲ್ಲ. ಯಾವ ಹಕ್ಕಿ ಅಂತ ಬರೆದಿಲ್ಲವಲ್ಲ. ಹದ್ದಿನ ಮರೀನಾ, ಗುಬ್ಬಿ ಮರೀನಾ?”

“ಸಂದೇಹವಿದ್ದರೆ ಲಿಖಿತವಾಗಿ ಕೇಳಿ. ನನ್ನ ಹತ್ತಿರ ಹಲ್ಲು ಕಿರಿಯಬೇಡಿ,” ಎಂದರು ಹಿರಿಯ ಸಹಾಯಕಿ.

ಅವನು ಲಿಖಿತವಾಗಿಯೇ ಕೇಳಿದ. ಹದಿನೈದು ದಿನಕ್ಕೆ ಉತ್ತರ ಬಂತು: ಹಕ್ಕಿಮರಿ ಎಂದರೆ ಅರವತ್ತು ಗ್ರಾಂ ಮೀರದ, ಹಾರಲು ಬಾರದ, ಯಾವುದೇ ಇಲಾಖೆಯ ಸ್ವತ್ತಲ್ಲದ ಪಕ್ಷಿ.

ನಿಯಮದ ಜೊತೆಗೆ ಒಂದು ಚಿತ್ರ ಬೇಕಾಯಿತು. ಛಾಯಾಗ್ರಾಹಕನನ್ನು ಕರೆದುಕೊಂಡು ಬಂದ ಇಲಾಖೆಯ ನಿರ್ದೇಶಕರು ಇಡೀ ಕಚೇರಿಯ ಕೈಗಳನ್ನು ನೋಡಿದರು. ಒಬ್ಬ ಮೌಸನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಹಿಡಿದಿದ್ದ, ಇನ್ನೊಬ್ಬ ಸಾಬೂನಿನ ಹಾಗೆ. ಎದುರು ಮೇಜಿನ ಗುಮಾಸ್ತ ಅದು ಎಲ್ಲಿ ಓಡಿಹೋಗುತ್ತದೋ ಎಂಬಂತೆ ಅವುಚಿಕೊಂಡಿದ್ದ. ಹಿರಿಯ ಸಹಾಯಕಿಯವರ ಕೈ ಕಂಡಾಗ ನಿರ್ದೇಶಕರು ನಿಂತರು. ಕತ್ತರಿಸಿದ ಉಗುರು, ಕಮಾನಿನಂತೆ ಎದ್ದ ಅಂಗೈ, ತಂತಮ್ಮ ಜಾಗ ತಿಳಿದ ಐದು ಬೆರಳು.

“ಇದು ಕೈ ಅಂದ್ರೆ,” ಎಂದರು ನಿರ್ದೇಶಕರು.

ಹಿರಿಯ ಸಹಾಯಕಿಯವರು ನಗಲಿಲ್ಲ. ಚಿತ್ರ ತೆಗೆಯುವಾಗ ಅಲುಗಬಾರದೆಂದು ಹೇಳಿದ್ದರು. ಚಿತ್ರದ ಕೆಳಗೆ ಹೆಸರು ಹಾಕಲಿಲ್ಲ, ಏಕೆಂದರೆ ನೌಕರರು ಪ್ರಚಾರ ಪಡೆಯುವುದು ನಡತೆ ನಿಯಮಕ್ಕೆ ವಿರುದ್ಧ. ಅದು ಅವರಿಗೂ ಒಪ್ಪಿಗೆಯೇ.

ಚಿತ್ರ ಮುದ್ರಣಕ್ಕೆ ಹೋಗುವ ಮೊದಲು ಘಟಕದ ಮೊಹರು ಬೀಳಬೇಕು. ಮೊಹರು ಕಾಗದದ ಬಲ ಕೆಳಮೂಲೆಯಲ್ಲಿ ಬೀಳಬೇಕೆಂಬುದು ಇಲಾಖೆ ಹುಟ್ಟಿದಂದಿನಿಂದ ನಡೆದುಬಂದ ಪದ್ಧತಿ. ಬಲ ಕೆಳಮೂಲೆಯಲ್ಲಿ ಹಿರಿಯ ಸಹಾಯಕಿಯವರ ಕಿರುಬೆರಳು ಇತ್ತು. ಮೊಹರು ತನ್ನ ಜಾಗದಲ್ಲಿ ಬಿತ್ತು. “ಅನುಮೋದಿತ ಕೈ” ಎಂಬ ಶೀರ್ಷಿಕೆಯೊಡನೆ ಪ್ರತಿ ಕಂಪ್ಯೂಟರಿನ ಮೇಲೂ ತೂಗಿದ ಚಿತ್ರದಲ್ಲಿ ನಾಲ್ಕು ಬೆರಳಿದ್ದವು, ಐದನೆಯದರ ಜಾಗದಲ್ಲಿ ಒಂದು ದುಂಡಗಿನ ನೀಲಿ ಮೊಹರಿತ್ತು.

ಮರುತಿಂಗಳು ಬೆರಳು ಪರಿವೀಕ್ಷಕ ಜೀಪಿನಲ್ಲಿ ಬಂದ. ಅವನ ಕೈಯಲ್ಲಿ ಪಾರದರ್ಶಕ ಹಾಳೆಯೊಂದಿತ್ತು, ಅದರ ಮೇಲೆ ಅನುಮೋದಿತ ಕೈಯ ಬಾಹ್ಯರೇಖೆ. ಒಬ್ಬೊಬ್ಬರ ಕೈಯ ಮೇಲೂ ಹಾಳೆ ಇಟ್ಟು ನೋಡುತ್ತ ಬಂದ. ಆ ಹೊತ್ತಿಗೆ ಹೊರಗೆ ಸರತಿಯಲ್ಲಿ ನಿಂತಿದ್ದವನೊಬ್ಬ ಕಿಂಡಿಯೊಳಗೆ ತಲೆ ತೂರಿಸಿದ.

“ಸಾರ್, ಮಗು ಹುಟ್ಟಿದ ಪತ್ರಕ್ಕೆ ಬಂದಿದ್ದೆ.”

“ಹಿಡಿತ ಪರೀಕ್ಷೆ ನಡೀತಾ ಇದೆ. ಆಮೇಲೆ ಬನ್ನಿ,” ಎಂದ ಎದುರು ಮೇಜಿನ ಗುಮಾಸ್ತ.

“ಆಮೇಲೆ ಅಂದ್ರೆ? ಮಗು ಆಗ್ಲೇ ನಡೀತಾ ಇದೆ.”

“ಒಳ್ಳೇದಾಯ್ತು. ಮುಂದಿನ ಸಲ ನಡೆಸಿಕೊಂಡೇ ಬನ್ನಿ.”

ಪರಿವೀಕ್ಷಕ ಹಿರಿಯ ಸಹಾಯಕಿಯವರ ಮೇಜಿಗೆ ಬಂದ, ಹಾಳೆ ಇಟ್ಟ, ಎಣಿಸಿದ, ಮತ್ತೆ ಎಣಿಸಿದ. ಆಮೇಲೆ ಕೆಂಪು ಪೆನ್ನು ತೆಗೆದು ಸೇವಾ ಪುಸ್ತಕದಲ್ಲಿ ಬರೆದ: “ಹಿಡಿತ ಅಸಮರ್ಪಕ. ಹೆಚ್ಚುವರಿ ಬೆರಳು: ಒಂದು.”

ಹಿರಿಯ ಸಹಾಯಕಿಯವರು ಆ ಗೆರೆಯನ್ನು ನೋಡಿದರು. ನಾಲ್ಕು ತಲೆಮಾರು ಅವರ ಬೆನ್ನ ಹಿಂದೆ ಬಂದು ನಿಂತು ಬಗ್ಗಿ ನೋಡಿದಂತಾಯಿತು.

“ರೀ, ಆ ಚಿತ್ರದಲ್ಲಿರುವುದು ನನ್ನ ಕೈ.”

“ಇರಬಹುದು ಮೇಡಂ.”

“ಇರಬಹುದು ಅಲ್ಲ. ನನ್ನದೇ. ಅದಕ್ಕೂ ಐದು ಬೆರಳು. ಒಂದರ ಮೇಲೆ ನೀವೇ ಮೊಹರು ಒತ್ತಿದ್ದೀರಿ.”

ಪರಿವೀಕ್ಷಕ ಸಹನೆಯ ಮನುಷ್ಯ. “ನೋಡಿ ಮೇಡಂ, ಚಿತ್ರಕ್ಕೆ ಅನುಮೋದನೆ ಸಿಕ್ಕಿದೆ. ನಿಮಗೆ ಸಿಕ್ಕಿಲ್ಲ. ನಾನೇನು ಮಾಡ್ಲಿ?”

ಆ ದಿನ ಕಚೇರಿಯ ಎಲ್ಲರಿಗೂ ಹೆಚ್ಚುವರಿ ಬೆರಳು ಸಿಕ್ಕಿತು. ಇಷ್ಟು ವ್ಯಾಪಕವಾದ ಅವ್ಯವಸ್ಥೆಯನ್ನು ಕಂಡು ಘಟಕವೂ ಬೆಚ್ಚಿತು. ಪರಿಹಾರ ಮಾತ್ರ ಬೇಗ ದೊರೆಯಿತು. ನಿರ್ದೇಶಕರ ಭಾವಮೈದುನ ಕಾಲುಚೀಲದ ವ್ಯಾಪಾರ ಮಾಡಿ ಮಾರಾಟವಾಗದ ಮಾಲಿನ ನಡುವೆ ಕೂತಿದ್ದ. ಅವನ ಕಾಲುಚೀಲಗಳನ್ನು ಕತ್ತರಿಸಿ ಹೊಲಿದು “ಕಿರುಬೆರಳು ಚೀಲ” ತಯಾರಾಯಿತು. ಮುಚ್ಚಿದ ಬೆರಳನ್ನು ಇಲ್ಲದ ಬೆರಳೆಂದು ಪರಿಗಣಿಸತಕ್ಕದ್ದೆಂದು ತಿದ್ದುಪಡಿ ಹೊರಟಿತು. ಎಲ್ಲರೂ ಚೀಲ ತೊಟ್ಟರು, ಎಲ್ಲರೂ ಪಾಸಾದರು, ಅವರ ಕೆಂಪು ಗೆರೆಗಳನ್ನು ಹೊಡೆದುಹಾಕಲಾಯಿತು. ಎದುರು ಮೇಜಿನ ಗುಮಾಸ್ತ ತನ್ನ ಚೀಲದ ಮೇಲೆ ಕಣ್ಣು ಮೂಗು ಬರೆದು ಕಿಂಡಿಗೆ ಬಂದ ಮಕ್ಕಳನ್ನು ನಗಿಸುತ್ತಿದ್ದ.

ಹಿರಿಯ ಸಹಾಯಕಿಯವರು ತೊಡಲಿಲ್ಲ.

ಮನೆಯಲ್ಲಿ ಮಾತು ನಡೆಯಿತು. ಗಂಡ ಪತ್ರಿಕೆಯಿಂದ ತಲೆಯೆತ್ತದೆ, “ಮೇಲ್ವಿಚಾರಕಿ ಆದಮೇಲೆ ಚೀಲ ಬಿಚ್ಚಿ ಬಿಸಾಕಿದರಾಯಿತು,” ಎಂದರು. ನಾದಿನಿ ತಟ್ಟೆ ಒರೆಸುತ್ತಿದ್ದವಳು ನಿಂತಳು.

“ಅಲ್ಲ ಅತ್ತಿಗೆ, ಒಂದು ಚೋಟು ಬೆರಳು. ಅದೂ ಕಿವಿ ಕೆರೆಯೋಕೆ ಬಿಟ್ಟು ಬೇರೇನಕ್ಕೂ ಬರೋದಿಲ್ಲ. ಮಡಚಿಟ್ಟುಕೊಂಡರೆ ರಾಜ್ಯ ಮುಳುಗುತ್ತಾ?”

“ನಮ್ಮ ಮನೆಯಲ್ಲಿ ಯಾರೂ ಬೆರಳನ್ನು ಕಿವಿಗೆ ಹಾಕುವುದಿಲ್ಲ.”

“ಹಾಕೋದು ಬೇಡ ಮಾರಾಯ್ತಿ, ಮುಚ್ಚಿಕೋ ಅಂದೆ.”

“ಇರುವುದನ್ನು ಇಲ್ಲ ಎಂದು ಬರೆಯುವುದಕ್ಕೆ ನಾನು ಆ ಕಚೇರಿ ಸೇರಿಲ್ಲ. ಬದುಕಿದವರನ್ನು ಸತ್ತವರ ಪಟ್ಟಿಗೆ ನಾನು ಇದುವರೆಗೆ ಸೇರಿಸಿಲ್ಲ, ಬೆರಳನ್ನೂ ಸೇರಿಸುವುದಿಲ್ಲ.”

“ಹಾಗಾದ್ರೆ ಕುರ್ಚಿ?”

ಹಿರಿಯ ಸಹಾಯಕಿಯವರಿಗೆ ಕುರ್ಚಿ ಬೇಕಿತ್ತು. ಆದರೆ ಅದಕ್ಕಿಂತ ಮೊದಲು ಆ ಕೆಂಪು ಗೆರೆ ಹೋಗಬೇಕಿತ್ತು.

ಮರುದಿನವೇ ಅವರು ಮೂರು ಪ್ರತಿಗಳಲ್ಲಿ ಮನವಿ ಸಲ್ಲಿಸಿದರು. ಎರಡು ತಿಂಗಳಿಗೆ ವಿಚಾರಣೆ ನಿಗದಿಯಾಯಿತು. ಮೇಜಿನ ಆಚೆ ನಿರ್ದೇಶಕರು ಮತ್ತು ಪರಿವೀಕ್ಷಕ, ಈಚೆ ಹಿರಿಯ ಸಹಾಯಕಿ, ನಡುವೆ ಚೌಕಟ್ಟು ಹಾಕಿದ ಅನುಮೋದಿತ ಕೈ. ಹಿರಿಯ ಸಹಾಯಕಿಯವರು ತಮ್ಮ ಕೈಯನ್ನು ಚಿತ್ರದ ಪಕ್ಕದಲ್ಲಿಟ್ಟರು. ಹೆಬ್ಬೆರಳಿನ ಬುಡದ ಮಚ್ಚೆ ಎರಡರಲ್ಲೂ ಇತ್ತು. ತೋರುಬೆರಳಿನ ಪಕ್ಕದ ಪೆನ್ನಿನ ಹಳೆಯ ಜಡ್ಡು ಎರಡರಲ್ಲೂ ಇತ್ತು.

“ಇದು ನಿಮ್ಮ ಕೈಯೇ,” ಎಂದು ನಿರ್ದೇಶಕರು ಒಪ್ಪಿಕೊಂಡರು. “ಬರಕೊಳ್ಳಿ, ಕೈ ಅರ್ಜಿದಾರರದ್ದೇ.”

“ಹಾಗಾದರೆ ಕೆಂಪು ಗೆರೆ ಹೊಡೆದುಹಾಕಿ.”

“ಅದು ಹೇಗಾಗತ್ತೆ? ಚಿತ್ರ ತೆಗೆಸಿಕೊಳ್ಳುವಾಗ ನೀವು ಇಲಾಖೆಗೆ ನಾಲ್ಕು ಬೆರಳು ಕೊಟ್ಟಿದ್ದೀರಿ. ಈಗ ಐದು ತಂದಿದ್ದೀರಿ. ಒಂದನ್ನು ಅಷ್ಟು ದಿನ ಎಲ್ಲಿಟ್ಟಿದ್ದಿರಿ?”

“ಮೊಹರಿನ ಕೆಳಗೆ!”

“ಮೊಹರಿನ ಕೆಳಗೆ ಏನಿದೆ ಅಂತ ನೋಡುವ ಅಧಿಕಾರ ನಮಗೆ ಯಾರಿಗೂ ಇಲ್ಲ,” ಎಂದರು ನಿರ್ದೇಶಕರು, ತುಸು ನೊಂದುಕೊಂಡು. “ನೋಡುವಂತಿದ್ದರೆ ಮೊಹರು ಯಾಕೆ ಒತ್ತಬೇಕಿತ್ತು?”

ಪರಿವೀಕ್ಷಕ ತಲೆಯಾಡಿಸಿದ. ಹಿರಿಯ ಸಹಾಯಕಿಯವರಿಗೂ ಒಂದು ಕ್ಷಣ ಆ ಮಾತಿನಲ್ಲಿ ಒಂದು ಕ್ರಮವಿದೆ ಎನಿಸಿತು, ಅದೇ ಅವರನ್ನು ಹೆಚ್ಚು ಕಾಡಿತು.

ವರ್ಷ ಮುಗಿಯಿತು. ಮೇಲ್ವಿಚಾರಕರು ಹೂಮಾಲೆ ಹಾಕಿಸಿಕೊಂಡು ಮನೆಗೆ ಹೋದರು. ಖಾಲಿ ಹುದ್ದೆಗೆ ಯಾರು? ನಿಯಮ ಸ್ಪಷ್ಟವಾಗಿತ್ತು: ಅತಿ ಹೆಚ್ಚು ಸೇವಾವಧಿಯುಳ್ಳ, ಹಿಡಿತದಲ್ಲಿ ದೋಷವಿಲ್ಲದ ಕೈಗೆ ಬಡ್ತಿ ನೀಡತಕ್ಕದ್ದು. ಎದುರು ಮೇಜಿನ ಗುಮಾಸ್ತನ ಹಿಡಿತದಲ್ಲಿ ದೋಷವಿರಲಿಲ್ಲ, ಆದರೆ ಸೇವೆ ಒಂಬತ್ತೇ ವರ್ಷ. ಹಿರಿಯ ಸಹಾಯಕಿಯವರ ಸೇವೆ ಇಪ್ಪತ್ತೊಂಬತ್ತು ವರ್ಷ, ಆದರೆ ಕೆಂಪು ಗೆರೆ. ಕಡತ ಮೂರು ವಾರ ಮೇಲೆ ಕೆಳಗೆ ಓಡಾಡಿತು. ಕೊನೆಗೆ ಆಡಳಿತ ಶಾಖೆಯ ಯಾರೋ ಬುದ್ಧಿವಂತರು ವಿಚಾರಣೆಯ ನಡಾವಳಿಯನ್ನು ಓದಿದರು. ಅನುಮೋದಿತ ಕೈ ಅರ್ಜಿದಾರರದ್ದೇ ಎಂದು ನಿರ್ದೇಶಕರೇ ಒಪ್ಪಿದ್ದಾರೆ. ಆದ್ದರಿಂದ ಅದರ ಸೇವೆಯೂ ಇಪ್ಪತ್ತೊಂಬತ್ತು ವರ್ಷ. ಹಿಡಿತ ನಿರ್ದುಷ್ಟ. ಬೆರಳು ನಾಲ್ಕು. ಕೆಂಪು ಗೆರೆ ಇಲ್ಲ.

ಸೋಮವಾರ ಬೆಳಿಗ್ಗೆ ಇಬ್ಬರು ಜವಾನರು ಅನುಮೋದಿತ ಕೈಯನ್ನು ಮೇಲ್ವಿಚಾರಕರ ಕೋಣೆಗೆ ಹೊತ್ತುಕೊಂಡು ಹೋಗಿ ಕುರ್ಚಿಯ ಮೇಲೆ ಒರಗಿಸಿ ನಿಲ್ಲಿಸಿದರು. ಕುರ್ಚಿ ಕುಂಟಿತು. ಹಿರಿಯ ಸಹಾಯಕಿಯವರು ಕಾಲಿನ ಕೆಳಗೆ ರಟ್ಟು ಇಟ್ಟುಕೊಟ್ಟರು; ಅಳತೆ ಸರಿಯಾಗಿತ್ತು.

ಎದುರು ಮೇಜಿನ ಗುಮಾಸ್ತ ಮೊದಲ ಕಡತ ಹಿಡಿದು ಬಾಗಿಲಲ್ಲಿ ನಿಂತ. “ಮೇಡಂ, ಒಳಗೆ ಬರಲಾ ಅಂತ ಕೇಳಬೇಕಾ?”

“ಅಧಿಕಾರಿಯ ಕೋಣೆ. ಕೇಳಲೇಬೇಕು.”

“ಉತ್ತರ ಬರದಿದ್ದರೆ?”

“ಹಿಂದಿನವರ ಕಾಲದಲ್ಲಿ ಬರುತ್ತಿತ್ತೇ?”

ಅವನು ಯೋಚಿಸಿ, ಕೇಳಿ, ಒಳಗೆ ಹೋದ.

ಹೊಸ ಮೇಲ್ವಿಚಾರಕರ ಬಗ್ಗೆ ಒಂದೇ ತಿಂಗಳಲ್ಲಿ ಒಳ್ಳೆಯ ಅಭಿಪ್ರಾಯ ಮೂಡಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೋಣೆಯಲ್ಲಿರುತ್ತಿದ್ದರು. ಮಧ್ಯಾಹ್ನ ತೂಕಡಿಸುತ್ತಿರಲಿಲ್ಲ. ಮುಂದಿಟ್ಟ ಕಡತಕ್ಕೆ ಸಂಜೆಯವರೆಗೆ ಆಕ್ಷೇಪ ಬಾರದಿದ್ದರೆ ಒಪ್ಪಿಗೆಯೆಂದೇ ಅರ್ಥ ಎಂದು ಸುತ್ತೋಲೆ ಬಂದ ಮೇಲೆ ಕೆಲಸವೂ ಚುರುಕಾಯಿತು. ಮಗುವಿನ ಪತ್ರಕ್ಕೆ ಅಲೆದಿದ್ದವನು ಪತ್ರ ಪಡೆದು ಹೋಗುವಾಗ, “ಈ ಸಾಹೇಬರು ಪರವಾಗಿಲ್ಲ. ಬರೀ ಕೈಯೇ ಇದ್ರೂ ಚಾಚೋದಿಲ್ಲ,” ಎಂದು ಸರತಿಯವರ ಮುಂದೆ ಹೊಗಳಿದ. ನಿರ್ದೇಶಕರು ವಾರಕ್ಕೊಮ್ಮೆ ಬಂದು ಎದುರು ಕುರ್ಚಿಯಲ್ಲಿ ಕೂತು ಮನಸ್ಸು ಬಿಚ್ಚಿ ಮಾತಾಡಿ ಹೋಗುತ್ತಿದ್ದರು. ಇಂಥ ಅಧೀನ ಅಧಿಕಾರಿ ತಮಗೆ ಹಿಂದೆಂದೂ ಸಿಕ್ಕಿರಲಿಲ್ಲವೆಂದು ಅವರೇ ಹೇಳಿದರು.

ಹಿರಿಯ ಸಹಾಯಕಿಯವರು ಮತ್ತೊಮ್ಮೆ ನಿರ್ದೇಶಕರನ್ನು ಕಂಡರು. ಕೆಂಪು ಗೆರೆ ಹಾಗೆಯೇ ಇತ್ತು.

“ನನ್ನ ಹತ್ತಿರ ಯಾಕೆ ನೇರವಾಗಿ ಬರ್ತೀರಿ?” ಎಂದು ನಿರ್ದೇಶಕರು ಗದರಿದರು. “ನಿಮಗೊಬ್ಬರು ಮೇಲ್ವಿಚಾರಕರು ಇದ್ದಾರೆ. ಗೆರೆ ಹೊಡೆದುಹಾಕೋದು, ಬಿಡೋದು ಅವರ ಕೈಲಿದೆ. ಸೂಕ್ತ ಮಾರ್ಗದಲ್ಲಿ ಬರೆಯಿರಿ.”

ಹಿರಿಯ ಸಹಾಯಕಿಯವರು ಅದನ್ನು ಒಪ್ಪಿದರು. ಮಾರ್ಗ ತಪ್ಪಿದ್ದು ತಮ್ಮದೇ ತಪ್ಪು. ಮೇಜಿಗೆ ಹಿಂದಿರುಗಿ, ಮೊನೆಯಿಂದ ಒಂದೂವರೆ ಇಂಚು ಮೇಲೆ ಪೆನ್ನು ಹಿಡಿದು, ಅಂಚು ಬಿಟ್ಟು, ಒಂದು ಪುಟ ಬರೆದರು. ಎದುರು ಮೇಜಿನ ಗುಮಾಸ್ತ ಅದಕ್ಕೆ ಒಳಬಂದ ಪತ್ರದ ಸಂಖ್ಯೆ ಕೊಟ್ಟ. ಅವರು ಕೋಣೆಯ ಬಾಗಿಲು ತಟ್ಟಿ, ಅಪ್ಪಣೆ ಕೇಳಿ, ಸೂಕ್ತ ಹೊತ್ತು ಕಾದು, ಒಳಗೆ ಹೋಗಿ ಪತ್ರವನ್ನು ಮೇಲ್ವಿಚಾರಕರ ಮುಂದಿಟ್ಟರು. ಪತ್ರ ಹೀಗಿತ್ತು:

“ಮಾನ್ಯರೇ, ನಾನು ಕಿರುಬೆರಳು ಸಹಿತ ಕೆಲಸ ಮಾಡುತ್ತಿದ್ದೇನೆ. ಅದನ್ನು ಹೆಚ್ಚುವರಿ ಎಂದು ಕರೆದು ನನ್ನ ಸೇವಾ ಪುಸ್ತಕದಲ್ಲಿ ಕೆಂಪು ಮಸಿಯಲ್ಲಿ ಬರೆಯಲಾಗಿದೆ. ಆ ಬೆರಳು ತಮ್ಮ ಪಕ್ಕದಲ್ಲಿಯೇ ಇತ್ತೆಂಬುದು ತಮಗೆ ಚೆನ್ನಾಗಿ ಗೊತ್ತಿದ್ದೂ ತಾವು ವಿಚಾರಣೆಯಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಗೆರೆಯನ್ನು ಹೊಡೆದುಹಾಕತಕ್ಕದ್ದು. ಮೂರು ದಿನಗಳೊಳಗೆ ತಾವು ನನ್ನ ಕ್ಷಮೆ ಕೇಳತಕ್ಕದ್ದು. ಕ್ಷಮಾಪಣೆ ಲಿಖಿತವಾಗಿರಬೇಕು. ಬಾಯಿಮಾತಿನದನ್ನು ಸ್ವೀಕರಿಸಲಾಗುವುದಿಲ್ಲ.”