ಎಮರಾಲ್ಡಿನ ಸೂಜಿಬಾಲದ ಬಾತು

ಕಣ್ಣಾರೆ ಕಂಡೆ ಎನ್ನುವವರನ್ನು ನಾನು ಸುಲಭಕ್ಕೆ ನಂಬುವವನಲ್ಲ. ಚಿರತೆ ಕಂಡೆವೆಂದು ಊಟಿಯ ನಮ್ಮ ಪತ್ರಿಕಾ ಕಚೇರಿಗೆ ಫೋನ್ ಮಾಡಿದವರನ್ನೆಲ್ಲ ‘ಎಷ್ಟು ದೂರದಿಂದ? ಬಾಲ ಎಷ್ಟುದ್ದ? ಕನ್ನಡಕ ಹಾಕಿದ್ದಿರಾ?’ ಎಂದು ಕೇಳಿ ಕೇಳಿ ಅರ್ಧದಷ್ಟು ಚಿರತೆಗಳನ್ನು ನಾಯಿ ಮಾಡಿದ ಕೀರ್ತಿ ನನ್ನದು. ಅಂಥ ನಾನೇ ಈ ಚಳಿಗಾಲ, ಎಮರಾಲ್ಡ್ ಜಲಾಶಯಕ್ಕೆ ಸೂಜಿಬಾಲದ ಬಾತುಗಳು ವಲಸೆ ಬಂದಿವೆ ಎಂದು ಬರೆದುಬಿಟ್ಟೆ. ನೋಡಿದ್ದು ಬಸ್ಸಿನ ಕಿಟಕಿಯಿಂದ. ಕನ್ನಡಕ ಜೇಬಿನಲ್ಲಿತ್ತು.

ಮೂರೇ ದಿನಕ್ಕೆ ಓದುಗರೊಬ್ಬರ ಪತ್ರ ಬಂತು: ಅವು ವರ್ಷವಿಡೀ ಇಲ್ಲೇ ಇರುವ ಬಾತುಗಳು, ಸೂಜಿಯಂಥ ಬಾಲವಿದ್ದರೆ ತೋರಿಸಿ. ಸುದ್ದಿ ಸಂಪಾದಕಿ ಶೈಲಜಾ ಅದನ್ನು ನನ್ನ ಮೇಜಿನ ಮೇಲಿಟ್ಟು, “ತಿಂಗಳ ಕೊನೆಯೊಳಗೆ ಫೋಟೋ ತನ್ನಿ ಸಾರ್. ಇಲ್ಲದಿದ್ರೆ ತಪ್ಪೊಪ್ಪಿಗೆ ಹಾಕೋಣ. ಚಿಕ್ಕ ಅಕ್ಷರದಲ್ಲೇ ಹಾಕ್ತೀನಿ ಬಿಡಿ” ಎಂದಳು. ಆ ಚಿಕ್ಕ ಅಕ್ಷರದ ಕರುಣೆಯೇ ನನ್ನನ್ನು ಚುಚ್ಚಿದ್ದು.

ಉದ್ದನೆಯ ಲೆನ್ಸ್ ಎರವಲು ತಂದೆ. ಹಕ್ಕಿಗಳ ಕಣ್ಣಿಗೆ ಬೀಳದಂತೆ ಎಲೆ ಬಣ್ಣದ ಕೋಟು ಕೊಂಡೆ. ಮೂರು ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಹಿಮ ಕವಿದ ದಂಡೆಯ ಮೇಲೆ ಹೊಟ್ಟೆಯಲ್ಲಿ ತೆವಳಿದೆ. ಮೂರು ಸಲವೂ ಅದೇ ಕಥೆ. ಬೆಳಕು ಹರಿಯುವ ಹೊತ್ತಿಗೆ ಪಕ್ಕದ ಕ್ಯಾರೆಟ್ ತೋಟದ ಮಾದಿಯಕ್ಕ ನೀರಿನ ಪಂಪು ಹಾಕುತ್ತಿದ್ದರು; ಬಾತುಗಳು ಆಚೆ ದಡಕ್ಕೆ ಹಾರುತ್ತಿದ್ದವು. ತಿಂಗಳ ಕೊನೆಯ ಭಾನುವಾರ, ನಾಲ್ಕನೆಯ ಸಲ, ನೇರ ಅವರ ಬಳಿಗೇ ಹೋಗಿ ಕೈಮುಗಿದೆ.

“ಅಕ್ಕಾ, ಇವತ್ತೊಂದಿನ ಹತ್ತು ನಿಮಿಷ ತಡವಾಗಿ ಹಾಕಿ.”

“ಬಿಸಿಲು ಬೀಳೋದರೊಳಗೆ ಹಿಮ ತೊಳೀದಿದ್ರೆ ಸೊಪ್ಪೆಲ್ಲ ಕರಕಾಗುತ್ತೆ. ಆಮೇಲೆ ನಿಮ್ಮ ಬಾತು ಬಂದು ಕ್ಯಾರೆಟ್ ಬೆಳೆದು ಕೊಡುತ್ತಾ?”

“ಸದ್ದಿಗೆ ಹಾರುತ್ವಲ್ಲ ಅಕ್ಕಾ.”

“ಯಾರು ಹೇಳಿದ್ದು? ದಿನಾ ಹಾಕ್ತೀನಿ, ಒಂದೂ ಕದಲೋದಿಲ್ಲ. ನೀವು ಬರೋ ಭಾನುವಾರ ಮಾತ್ರ ಹಾರುತ್ವೆ. ನೆಲವೆಲ್ಲ ಬೆಳ್ಳಗಿರೋವಾಗ ಹಸಿರು ಪೊದೆಯೊಂದು ತೆವಳಿಕೊಂಡು ಬಂದ್ರೆ ನಾನಾದ್ರೂ ಓಡ್ತೀನಿ!”

ಮೂರು ವಾರ ಸುದ್ದಿಯ ಮೂಲವನ್ನೇ ವಿಚಾರಿಸದೆ ಪಂಪನ್ನು ದೂರಿದ್ದೆ. ಅಕ್ಕನ ಗಂಡ ಮದುವೆಗೆಂದು ಕೋತಗಿರಿಗೆ ಹೋಗಿದ್ದರಿಂದ ತೋಟದಲ್ಲಿ ಕೈ ಸಾಲುತ್ತಿರಲಿಲ್ಲ. “ಕೋಟು ಬಿಚ್ಚಿ, ಅವರ ಸ್ವೆಟರ್ ಹಾಕ್ಕೊಂಡು ಪೈಪ್ ಹಿಡೀರಿ. ಹಕ್ಕಿಗಳಿಗೆ ಆ ಸ್ವೆಟರ್ ಗೊತ್ತು” ಎಂದರು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನೀರಿನ ಕಡೆ ತಿರುಗಿಸಿ, ಪಂಪಿನ ಪಕ್ಕ ನಿಲ್ಲಿಸಿ, ಹರಿದ ತೋಳಿನ ಸ್ವೆಟರಿನಲ್ಲಿ ಪಾತಿಗಿಳಿದೆ.

ನಾಲ್ಕನೆಯ ಪಾತಿ ತೊಳೆಯುವಾಗ ಬಾತುಗಳು ಈಜಿಕೊಂಡು ತೋಟದ ಅಂಚಿಗೇ ಬಂದವು. ಕಂದು ತಲೆ, ಬಿಳಿ ಕತ್ತು, ಹಿಂದೆ ಸೂಜಿಯಷ್ಟು ಚೂಪಾದ ಬಾಲ. ನಾನು ಹೇಳಿದ್ದು ನಿಜ! ಆದರೆ ಕ್ಯಾಮೆರಾ ಮೂವತ್ತು ಹೆಜ್ಜೆ ಆಚೆ. ಕೂಗುವಂತಿಲ್ಲ, ಓಡುವಂತಿಲ್ಲ. ಗಾಳಿಯಲ್ಲಿ ಬೆರಳೊತ್ತಿ ತೋರಿಸಿದೆ. ಅಕ್ಕ ಪಂಪು ನಿಲ್ಲಿಸಿದರು. ಮತ್ತೆ ಒತ್ತಿ ತೋರಿಸಿದೆ. ಪಂಪು ಹಾಕಿದರು. ಕೊನೆಗೆ ಕಣ್ಣಿಗೆ ಕೈಯಡ್ಡ ಹಿಡಿದು, ಫೋಟೋ ತೆಗೆಯುವವನಂತೆ ಬಾಗಿ ತೋರಿಸಿದ ಮೇಲೆ ಅರ್ಥವಾಗಿ, ಕ್ಯಾಮೆರಾದ ಗುಂಡಿಯನ್ನು ಬೆರಳು ಸೋಲುವಷ್ಟು ಒತ್ತಿದರು.

ಸೋಮವಾರ ಶೈಲಜಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಬಾಲದ ಬಗ್ಗೆ ತಕರಾರಿರಲಿಲ್ಲ. ಕೆಳಗೆ ‘ಚಿತ್ರ: ಮಾದಿ, ಎಮರಾಲ್ಡ್’ ಎಂದು ಹಾಕಿಸಿದೆ. ಆಗ ಅವಳು ಚಿತ್ರದ ಮೂಲೆಗೆ ಬೆರಳಿಟ್ಟು, “ಪೈಪ್ ಹಿಡಿದವರು ಯಾರು ಸಾರ್? ತೋಟದ ಆಳಾ?” ಎಂದಳು.

“ಹೌದು” ಎಂದೆ.

ಸುದ್ದಿಗೆ ಸಂಬಂಧವಿಲ್ಲದವರನ್ನು ಚಿತ್ರದಿಂದ ಕತ್ತರಿಸಬೇಕೆಂದು ಅವಳಿಗೆ ಕಲಿಸಿದವನು ನಾನೇ. ಅವಳು ಅಚ್ಚುಕಟ್ಟಾಗಿ ಕತ್ತರಿಸಿದಳು.