ಸಾಹೇಬರ ಗಂಟೆ, ಅಕ್ಕನ ಮೊಣಕಾಲು

ಯಾರಿಗಾದರೂ ಒಳ್ಳೆಯದು ಮಾಡಲು ಹೊರಟಾಗಲೆಲ್ಲ ನನಗೆ ಇಂಥದ್ದೇ ಆಗುತ್ತದೆ. ಆದರೂ ಪ್ರತಿ ಸಲ ಹೊಸದಾಗಿ ಬೆಚ್ಚಿಬೀಳುತ್ತೇನೆ.

ನಕ್ಷೆ ಬರೆಯುವ ಕೆಲಸಕ್ಕೆ ನಾನು ಆಳಂದಕ್ಕೆ ವರ್ಗವಾಗಿ ಬಂದ ಹೊಸತು. ಕಚೇರಿ ಉದ್ದಕ್ಕೆ ಉದ್ದ. ಈ ತುದಿಗೆ ಸಾಹೇಬರ ಖೋಲಿ, ಆ ತುದಿಗೆ ಫೈಲುಗಳ ಖೋಲಿ. ನಡುವೆ ಓಡಾಡಿ ಅಟೆಂಡರ್ ಅಕ್ಕನ ಮೊಣಕಾಲು ಸೋತಿತ್ತು. "ಹಿಂಗೇ ನೋವಾದ್ರ ನೌಕರಿ ಬಿಡ್ತೇನ್ರಿ ಸರ್" ಎಂದಾಗ ನನಗೆ ಸಂಕಟವಾಯಿತು. ನಡಿಗೆ ಉಳಿಸುವಂತೆ ಕಚೇರಿಯ ಮೇಜುಗಳ ಹೊಸ ನಕ್ಷೆಗೆ ಕೈಹಾಕಿದೆ.

೧. ಎಣಿಕೆ

ಯಾರು ಎಲ್ಲಿಗೆ ಎಷ್ಟು ಸಲ ಹೋಗುತ್ತಾರೆಂದು ಒಂದು ವಾರ ಕೂತು ಗೆರೆ ಹಾಕಿದೆ. ಶನಿವಾರ ಕೂಡಿಸಿ ನೋಡಿ ದಂಗಾದೆ. ಎಲ್ಲರೂ ಅತಿ ಹೆಚ್ಚು ಸಲ ಬಂದದ್ದು ನನ್ನ ಮೇಜಿಗೆ! "ಏನ್ ಬರ್ಯಾಕತ್ತೀರಿ ಸರ್?" ಎಂದು ಕೇಳಲು. ಏನೇ ಆಗಲಿ, ಲೆಕ್ಕ ಲೆಕ್ಕವೇ. ನನ್ನ ಮೇಜನ್ನು ನಡುಸಾಲಿನಲ್ಲಿ, ಸಾಹೇಬರ ಬಾಗಿಲ ಎದುರಿಗೇ ಬರೆದೆ. ಸಾಹೇಬರು ಸಹಿ ಹಾಕಿಯೂಬಿಟ್ಟರು.

೨. ಜೋಡಿ ಮೇಜು

ನಮ್ಮ ಕಚೇರಿಯಲ್ಲೇ ಅಫಜಲಪುರ ಊರಿನ ಗುಮಾಸ್ತರಿಂದ ಜೇವರ್ಗಿ ಊರಿನ ಗುಮಾಸ್ತರಿಗೆ ದಿನವಿಡೀ ಫೈಲು ಹೋಗುತ್ತಿತ್ತು. ಇಬ್ಬರ ಮೇಜುಗಳನ್ನೂ ಎದುರುಬದುರು ಅಂಟಿಸಿ ಹಾಕಿಸಿದೆ. ಇನ್ನು ಕೈ ಚಾಚಿದರೆ ಸಾಕು ಎಂದು ಬೀಗುತ್ತಿರುವಾಗಲೇ ಅಫಜಲಪುರದವರು ಕೂಗಿದರು: "ಅಕ್ಕಾ, ಈ ಫೈಲ್ ಅವರಿಗಿ ಕೊಡ್ರಿ."

ಅವರಿಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವಂತೆ. ಅದು ನನ್ನ ಗೆರೆಗಳಲ್ಲಿ ಎಲ್ಲಿ ಬರಬೇಕು? ನಡುವೆ ಸಂದಿಯೂ ಇಲ್ಲದ್ದರಿಂದ ಅಕ್ಕ ಎರಡೂ ಮೇಜು ಸುತ್ತಿಹೋಗಿ ಫೈಲು ಕೊಟ್ಟರು.

೩. ಗಂಟೆ

ಅಕ್ಕನ ಸ್ಟೂಲನ್ನು ಸಾಹೇಬರ ಬಾಗಿಲಿಗೇ ಹಾಕಿಸಿದ್ದೆ. ವಾರದ ಮೇಲೆ ನೋಡುತ್ತೇನೆ, ಅಕ್ಕ ಮೊದಲಿಗಿಂತ ಜೋರಾಗಿ ಕುಂಟುತ್ತಿದ್ದಾರೆ! ಯಾಕೆಂದು ಕೇಳಿದೆ.

"ಮೊದಲ ನಾ ದೂರ ಇದ್ದಾಗ ಸಾಹೇಬ್ರು ತಾವೇ ನೀರು ತಗೊಂಡು ಕುಡೀತಿದ್ರು. ಈಗ ಬಾಜೂಕೇ ಇದ್ದೇನಿ. ನೀರು ತರ್ರಿ, ಫ್ಯಾನ್ ಹಚ್ರಿ, ಫ್ಯಾನ್ ಬಂದ್ ಮಾಡ್ರಿ ಅಂತ ಗಳಿಗಿಗೊಂದು ಗಂಟಿ ಹೊಡೀತಾರ್ರಿ."

ಅಷ್ಟು ಹೇಳಿ ಸ್ಟೂಲು ಎತ್ತಿಕೊಂಡು, ಗಂಟೆ ಕೇಳಿಸದ ಹಿಂದಿನ ಪಡಸಾಲೆಗೆ ಹೋಗಿಬಿಟ್ಟರು. ಸಾಹೇಬರು ಗಂಟೆ ಬಾರಿಸಿ ಬಾರಿಸಿ ಬಾಗಿಲಲ್ಲಿ ಇಣುಕಿದರು. ಎದುರಿಗೇ ನನ್ನ ಮೇಜು.

"ನೀವೇ ಹತ್ರ ಇದ್ದೀರಲ್ರೀ, ಒಂದ್ ಗ್ಲಾಸ್ ನೀರು ತರ್ರಿ."

ತಿಂಗಳ ನಂತರ ಅಕ್ಕ ಸರಸರ ನಡೆದು ಬಂದು ಕೈಮುಗಿದರು. "ನಿಮ್ಮ ನಕ್ಷಾ ಭಾರಿ ಛಲೋ ಆಗ್ಯಾದ್ರಿ ಸರ್. ಇನ್ನ ನೌಕರಿ ಬಿಡಂಗಿಲ್ಲ ನಾ. ಆದ್ರ ನೀವ್ಯಾಕ್ರಿ ಕುಂಟಾಕತ್ತೀರಿ?"